ಗಾಜಿಗೆ ಒಲಿಯದ ಹೆಬ್ಬೆರಳು

ಜೂನ್ ೩, ಸೋಮವಾರ

ಮೋಟಾರಿನ ತಂತಿಗೆ ಬಳಿಯುವ ವಾರ್ನಿಷ್ ಮಾರುವವರು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟ ಡೈರಿ ಇದು. ಇಷ್ಟು ದಿನ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಇವತ್ತು ವರ್ಕ್‌ಶಾಪಿನಲ್ಲಿ ರೇಡಿಯೋನ ಮೇಲೆ ಕೂಗಾಡಿದೆ, ಅದು ಸಾಲದೆಂದು ಮನೆಗೆ ಬಂದೂ ಕೂಗಾಡಿದೆ. ಹೆಂಡತಿ ಇದನ್ನು ತಂದು ನನ್ನ ಮುಂದೆ ಕುಕ್ಕಿದಳು.

"ಸಿಟ್ಟು ಬಂದಾಗ ಇದರೊಳಗೆ ಬೈಕೊಳ್ಳಿ. ಪುಸ್ತಕಕ್ಕೆ ಬಿ.ಪಿ. ಏರಲ್ಲ."

ಐದನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದವನಿಗೆ ಈ ವಯಸ್ಸಿನಲ್ಲಿ ಕಾಪಿ ಬರೆಯುವ ಶಿಕ್ಷೆ. ಇರಲಿ.

ರೇಡಿಯೋ ಅಂದರೆ ಹಾಡುವ ಪೆಟ್ಟಿಗೆಯಲ್ಲ, ನನ್ನ ಕೆಲಸದವನು. ಎರಡು ಮಕ್ಕಳ ಅಪ್ಪ, ತಲೆ ಅರ್ಧ ನೆರೆತಿದೆ, ಬಾಯಿಗೆ ಮಾತ್ರ ಸ್ವಿಚ್ ಇಲ್ಲ. ಸುಟ್ಟ ಮೋಟಾರುಗಳ ಕರಿ ತಂತಿ ಅವನು ಕೀಳುತ್ತಾನೆ, ಹೊಸ ತಾಮ್ರದ ತಂತಿ ನಾನು ಸುತ್ತುತ್ತೇನೆ. ನಮ್ಮ ವರ್ಕ್‌ಶಾಪೆಂದರೆ ಇಷ್ಟೇ.

ಸಿಟ್ಟಿಗೆ ಕಾರಣ ಫೋನು. ನನ್ನ ಗುಂಡಿ ಫೋನು. ಹಿಟ್ಟಿನ ಗಿರಣಿಯ ಇಂಜಿನಿಯರು ಮೋಟಾರಿನ ವಿಷಯ ಏನಿದ್ದರೂ ಮೇಲ್‌ನಲ್ಲೇ ಎಂದು ಹಟ ಹಿಡಿದಾಗ ಕೊಂಡದ್ದು. ಕೆಳಗಿನ ಅರ್ಧ ಪೂರ್ತಿ ಕಡಲೆಕಾಳಿನಂಥ ಗುಂಡಿಗಳು. ಇಂಗ್ಲಿಷ್ ಅಕ್ಷರ ಒತ್ತಿ ಒತ್ತಿ ನಮ್ಮ ಮಾತು ಬರೆಯಬೇಕು. ಶುರುವಿನಲ್ಲಿ ಕಬ್ಬಿಣದ ಕಡಲೆ. ಆಮೇಲೆ ಹೆಬ್ಬೆರಳಿಗೇ ಎಲ್ಲ ತಿಳಿದುಹೋಯಿತು. ಕಣ್ಣು ತಂತಿಯ ಮೇಲೆ, ಕೈ ಬೆಂಚಿನ ಕೆಳಗೆ. ಬರೆದು, ಓದಿಯೂ ನೋಡದೆ ಕಳಿಸಿಬಿಡುತ್ತಿದ್ದೆ. ಈಗ ಕಂಪನಿಯವರು ಹೇಳಿ ಕಳಿಸಿದ್ದಾರೆ, ಈ ಹಳೆಯ ಫೋನಿಗೆ ಇನ್ನು ಮೇಲ್ ಬರುವುದಿಲ್ಲವಂತೆ. ಈ ವಾರವೇ ಕೊನೆಯಂತೆ.

ಗಿರಣಿಯವನ ಮೇಲ್ ಹಾಳಾಗಿ ಹೋಗಲಿ. ಅಕ್ಕನದು ಬರಬೇಕಲ್ಲ.

ಅಕ್ಕನ ಗಂಟಲಲ್ಲಿ ಗಡ್ಡೆ. ಕೆಟ್ಟ ಜಾತಿಯದು. ಧ್ವನಿಪೆಟ್ಟಿಗೆ ಪೂರ್ತಿ ತೆಗೆದರೆ ಬದುಕುತ್ತಾಳೆ, ಈ ತಿಂಗಳು ದಾಟಿದರೆ ಕೈಮೀರುತ್ತದೆ ಎಂದಿದ್ದಾರೆ ಡಾಕ್ಟರು. ಅವಳು "ಬೇಡ" ಎಂದಿದ್ದಾಳೆ. ಫೋನ್ ಮಾಡಿದರೆ ಎತ್ತುವುದಿಲ್ಲ. ತಗಡು ಕೆರೆದಂತಾಗಿರುವ ದನಿಯನ್ನು ನನಗೆ ಕೇಳಿಸಲು ಅವಳಿಗೆ ಇಷ್ಟವಿಲ್ಲ. ಹೋದ ತಿಂಗಳು ಒಂದು ಹಗಲಿಡೀ ರೈಲಿನಲ್ಲಿ ಕೂತು ಹೋದೆ. ಬಾಗಿಲು ಹಾಕಿಕೊಂಡಳು. ನಾನು ಆಚೆ ನಿಂತು ಕೂಗಾಡಿದೆ. ಸಂದಿಯಿಂದ ಒಂದು ಚೀಟಿ ಹೊರಗೆ ಬಂತು: "ಮನೆಗೆ ಹೋಗೋ. ಅಕ್ಕಪಕ್ಕದವರು ನನಗಿಂತ ನೀನೇ ಜೋರು ಅಂತಾರೆ."

ಉಳಿದಿರುವುದು ಮೇಲ್ ಒಂದೇ. ಮೆಸೇಜು ಗಿಸೇಜು ಯಾವುದೂ ಅವಳಿಗೆ ಆಗದು. ಓದಿದೆಯೋ ಇಲ್ಲವೋ ಎಂದು ಅವೆಲ್ಲ ನೀಲಿ ಗೆರೆ ಎಳೆದು ಚಾಡಿ ಹೇಳುತ್ತವೆ, ಮೇಲ್ ಮರ್ಯಾದಸ್ಥ ಎನ್ನುತ್ತಾಳೆ.

ಜೂನ್ ೫, ಬುಧವಾರ

ಕೊಂಡೆ. ಕೈಯಲ್ಲಿ ಹಿಡಿದರೆ ಒಂದು ಕರಿ ಗಾಜು, ಅಷ್ಟೇ. ಗುಂಡಿ ಇಲ್ಲ, ಏರಿಲ್ಲ, ತಗ್ಗಿಲ್ಲ. ಬೆರಳಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಬಾಗಿಲೇ ಇಲ್ಲದ ಮನೆಯ ಮುಂದೆ ನಿಂತ ಹಾಗಾಯಿತು.

ಒತ್ತಿದೆ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ.

ಅಂಗಡಿಯ ಹುಡುಗಿ ಕೈ ಅಡ್ಡ ಹಿಡಿದಳು. "ಒತ್ತಬೇಡಿ ತಾತ, ಮುಟ್ಟಿ ಸಾಕು."

"ಮುಟ್ತಾನೇ ಇದ್ದೀನಲ್ಲಮ್ಮ!"

"ಮೆಲ್ಲಗೆ."

"ಮೆಲ್ಲಗೆ ಅಂದ್ರೆ? ಫೋನನ್ನ ಮುದ್ದು ಮಾಡ್ಲಾ?"

ಅವಳು ಕಿರುಬೆರಳಿನ ತುದಿ ತಾಗಿಸಿದಳು. ಇಡೀ ಗಾಜು ಬೆಳಗಿ, ಚಿತ್ರಗಳು ದಡದಡ ಎದ್ದುಬಂದವು. ನಾನು ತಾಗಿಸಿದೆ. ಮತ್ತೆ ಸತ್ತು ಬಿದ್ದಿತು.

"ಕೆಟ್ಟ ಮಾಲು ಕೊಟ್ಟಿದ್ದೀಯ" ಎಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. "ತಾತ, ಇದು ಒತ್ತೋದರಿಂದ ನಡೆಯೋದಲ್ಲ. ಗಾಜಿನ ಕೆಳಗೆ ಒಂಚೂರು ಕರೆಂಟ್ ಇರುತ್ತೆ. ನಮ್ಮ ಮೈಯಲ್ಲೂ ಕರೆಂಟ್ ಹರಿಯುತ್ತಲ್ಲ, ಬೆರಳು ತಾಗಿದ ತಕ್ಷಣ ಅದಕ್ಕೆ ಗೊತ್ತಾಗುತ್ತೆ. ಮರದ ಕಡ್ಡಿ ಇಟ್ರೆ ಗೊತ್ತಾಗಲ್ಲ."

"ಅಂದ್ರೆ ನಾನು ಮರದ ಕಡ್ಡಿ?"

"ನಿಮ್ಮ ಬೆರಳು ಜಡ್ಡುಗಟ್ಟಿದೆ ತಾತ. ನೀವು ಮುಟ್ಟಿದ್ದು ಅದಕ್ಕೆ ತಿಳೀತಾ ಇಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಯಾರನ್ನೆಂದು ಗೊತ್ತಿಲ್ಲ.

ಜೂನ್ ೬, ಗುರುವಾರ

ಆ ಹುಡುಗಿಯ ಮಾತು ತಲೆಯಿಂದ ಹೋಗಲಿಲ್ಲ. ಬೆಳಿಗ್ಗೆ ವರ್ಕ್‌ಶಾಪಿಗೆ ಹೋದವನೇ ಕರೆಂಟು ಹರಿಯುತ್ತದೋ ಇಲ್ಲವೋ ನೋಡುವ ಮೀಟರ್ ತೆಗೆದೆ. ಒಂದು ಕಡ್ಡಿಯನ್ನು ಬಲಗೈ ಹೆಬ್ಬೆರಳಿಗೆ ಒತ್ತಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ. ಹೆಬ್ಬೆರಳು ಬಿಟ್ಟು ಅದೇ ಕಡ್ಡಿಯನ್ನು ನಾಲಿಗೆಗೆ ತಾಗಿಸಿದೆ. ಮುಳ್ಳು ಟಣ್ಣೆಂದು ಎದ್ದಿತು!

ರೇಡಿಯೋ ಬಗ್ಗಿ ಓದಿದ. "ಯಜಮಾನ್ರೇ, ನೀವು ಪಾಸ್. ಇನ್ಸುಲೇಶನ್ ಫಸ್ಟ್ ಕ್ಲಾಸ್. ಇನ್ನೂ ಐದು ವರ್ಷ ಗ್ಯಾರಂಟಿ ಬರೆದುಕೊಡಬಹುದು."

ಬೈಯಬೇಕಿತ್ತು. ಬೈಯಲು ಮನಸ್ಸು ಬರಲಿಲ್ಲ. ಆ ಮುಳ್ಳನ್ನೇ ನೋಡುತ್ತ ನಿಂತೆ. ಮೀಸೆ ಮೂಡದ ವಯಸ್ಸಿನಿಂದ ತಾಮ್ರಕ್ಕೆ ಕರೆಂಟು ಹರಿಸಿದ್ದೇನೆ. ಸಾವಿರಾರು ಮೋಟಾರು ನನ್ನ ಕೈಯಲ್ಲಿ ಸತ್ತು ಹುಟ್ಟಿವೆ. ಕರೆಂಟು ಎಂದರೆ ಗೋಡೆಯಿಂದ ಬರುವುದು, ತಂತಿಯಲ್ಲಿ ಓಡುವುದು, ಹುಷಾರಾಗಿ ದೂರ ನಿಲ್ಲಬೇಕಾದದ್ದು ಎಂದುಕೊಂಡಿದ್ದೆ. ನಾನೂ ಒಂದು ತಂತಿಯೇ ಎಂದು ಯಾರೂ ಹೇಳಿರಲಿಲ್ಲ. ನಾನು, ಹೆಂಡತಿ, ಈ ಬಡಬಡಿಸುವ ರೇಡಿಯೋ, ಅಲ್ಲಿ ಅಕ್ಕ, ಎಲ್ಲರೂ. ಒಂದು ತುಂಡು ಗಾಜಿಗೆ ಅದು ಗೊತ್ತು. ನನಗೆ ಗೊತ್ತಿರಲಿಲ್ಲ.

ಜೂನ್ ೮, ಶನಿವಾರ

ಗುಂಡಿ ಫೋನು ಇವತ್ತು ಮೇಲ್ ನಿಲ್ಲಿಸಿತು. ಇನ್ನು ಬೇರೆ ದಾರಿಯಿಲ್ಲ.

ಬಿಸಿನೀರಿನಲ್ಲಿ ಹೆಬ್ಬೆರಳು ನೆನೆಸಿ, ಪಾಲಿಶ್ ಕಾಗದ ತೆಗೆದುಕೊಂಡು ತಿಕ್ಕಲು ಕೂತೆ. ಹೆಂಡತಿ ಬಂದವಳು ಹಾಗೇ ನಿಂತುಬಿಟ್ಟಳು.

"ಏನ್ರೀ ಇದು, ಬೆರಳನ್ನೂ ರಿಪೇರಿಗೆ ತಗೊಂಡ್ರಾ?"

"ಜಡ್ಡು ತೆಗೀತಿದ್ದೀನಿ."

"ಅದು ನಿಮ್ಮ ಕಸುಬಿನ ಕವಚ ಕಣ್ರೀ. ತಂತಿ ಎಳೆಯೋದು ಹೇಗೆ?"

"ಅದು ಆಮೇಲೆ. ಇದು ಮೊದಲು."

ಅವಳು ಒಳಗಿನಿಂದ ಕಾಲು ತಿಕ್ಕುವ ಕಲ್ಲು ತಂದುಕೊಟ್ಟಳು. "ಇದರಲ್ಲಿ ತಿಕ್ಕಿ. ರಕ್ತ ಬರಲ್ಲ."

ಪದರ ಪದರವಾಗಿ ಹೋಯಿತು. ಹಳದಿ, ಕಂದು, ಅದರಡಿ ಇನ್ನೂ ಕಂದು, ಯಾವ ಕಾಲದ ವಾರ್ನಿಷೋ. ಕೊನೆಗೆ ತೊಟ್ಟಿಲ ಕೂಸಿನ ಹಿಮ್ಮಡಿಯಂಥ ಗುಲಾಬಿ ಚರ್ಮ. ಇದು ನನ್ನದೇ ಎಂದು ನಂಬಿಕೆ ಬರಲಿಲ್ಲ.

ತಾಗಿಸಿದೆ. ಗಾಜು ಬೆಳಗಿತು!

ರೇಡಿಯೋ ನಮ್ಮ ಅಕ್ಷರ ಹಾಕಿಕೊಟ್ಟಿದ್ದ. ಕೆಳಗೆ ಸಾಲಾಗಿ ಅ, ಆ, ಇ, ಈ. ಸ್ಕೂಲಿನ ಗೋಡೆಯ ಮೇಲೆ ಇದ್ದಂತೆಯೇ. ಆದರೆ ಇಲ್ಲಿ ಬೆತ್ತ ಹಿಡಿದವರು ಯಾರೂ ಇಲ್ಲ. ಮೊದಲು "ಅ" ಮುಟ್ಟಿದೆ. ಆಮೇಲೆ "ಕ", ಅದಕ್ಕೊಂದು ಒತ್ತು. ಅಕ್ಕ. ಹಳೆಯ ಫೋನಿನಲ್ಲಿ ಇಂಗ್ಲಿಷಿನಲ್ಲಿ ಬರೆದಾಗ ಬಿಕ್ಕಳಿಕೆ ಬಂದವರ ಹಾಗೆ ಕಾಣುತ್ತಿತ್ತು. ಇಲ್ಲಿ ಅವಳೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ ಹಾಗಿತ್ತು. ಎಷ್ಟು ಹೊತ್ತು ಅದೊಂದನ್ನೇ ನೋಡಿದೆನೋ.

ಆಮೇಲೆ ಬರೆದೆ: "ಅಕ್ಕ. ಆಪರೇಶನ್ ಮಾಡಿಸ್ಕೋ. ಹಟ ಬೇಡ."

ಇಷ್ಟು ಬರೆಯುವ ಹೊತ್ತಿಗೆ ಒಂದು ಫ್ಯಾನ್ ಮೋಟಾರು ಸುತ್ತಿ ಮುಗಿಸಬಹುದಿತ್ತು.

ಜೂನ್ ೧೦, ಸೋಮವಾರ

ಅಕ್ಕನ ಮೇಲ್ ಬಂತು. ಹಾಗೇ ಬರೆದುಕೊಳ್ಳುತ್ತೇನೆ.

"ಲೋ, ನಮ್ಮ ಅಕ್ಷರದಲ್ಲಿ ಬಂದಿದ್ದು ನೋಡಿ ಯಾರೋ ಬೇರೆಯವರು ಅಂದುಕೊಂಡೆ. ಓದಿದರೆ ಬರೀ ಅಪ್ಪಣೆ. ಆಗ ನೀನೇ ಅಂತ ಗೊತ್ತಾಯ್ತು. ನೋಡು, ನಾನು ತರಕಾರಿ ಮಾರ್ಕೆಟ್‌ನಲ್ಲಿ ಹರಾಜು ಕೂಗೋಳು. ಪೆಟ್ಟಿಗೆ ಮೇಲೆ ಹತ್ತಿ ಬಾಯಿ ಬಿಟ್ಟರೆ ಗೇಟಿನ ಹತ್ತಿರ ಲಾರಿಯವನು ಬ್ರೇಕ್ ಹಾಕ್ತಿದ್ದ. ಇದೇ ಬಾಯಿಂದ ಮಗಳನ್ನ ಓದಿಸಿದೆ. ಇದೇ ಬಾಯಿಂದ ಕುಡುಕ ಗಂಡನ್ನ ಮನೆಯಿಂದ ಓಡಿಸಿದೆ. ಈಗ ಅದನ್ನ ಕಿತ್ತು ಬಟ್ಟಲಿಗೆ ಹಾಕಿ, ಉಳಿದದ್ದನ್ನ ಮನೆಗೆ ಕಳಿಸ್ತಾರಂತೆ. ಉಳಿಯೋದು ಯಾರು ಹೇಳು? ಇರೋಷ್ಟು ದಿನ ನಾನು ನಾನಾಗೇ ಇರ್ತೀನಿ. ನೀನು ನಿನ್ನ ಮೋಟಾರು ನೋಡ್ಕೋ."

ಅವಳು ಕೂಗುವುದನ್ನು ಒಮ್ಮೆ ನೋಡಿದ್ದೇನೆ. ತಗಡಿನ ಸೂರು ಮರುದನಿ ಕೊಡುತ್ತಿತ್ತು. ಪಾರಿವಾಳಗಳು ಎದ್ದು ಹಾರುತ್ತಿದ್ದವು. ಅಷ್ಟು ದೊಡ್ಡ ಗಂಡಾಳುಗಳೆಲ್ಲ ಒಬ್ಬ ಕುಳ್ಳಿಯ ಬಾಯಿ ನೋಡುತ್ತ ಬೆರಳೆತ್ತಿ ನಿಂತಿದ್ದರು. ಅಂಥದ್ದನ್ನು ಕೊಟ್ಟುಬಿಡು ಎಂದು ನಾನು ಹೇಳುತ್ತಿರುವುದು.

ಹಾಗಂತ ಸಾಯಲು ಬಿಡಲೇ?

ಜೂನ್ ೧೧, ಮಂಗಳವಾರ

ಬರೆದೆ: "ಹುಚ್ಚು ಮಾತು."

ಬಂತು: "ನಿಮ್ಮಪ್ಪ ಹುಚ್ಚ."

ಬರೆದೆ: "ನಿನಗೂ ಅವನೇ ಅಪ್ಪ."

ಆಮೇಲೆ ಏನೂ ಬರಲಿಲ್ಲ.

ಜೂನ್ ೧೩, ಗುರುವಾರ

ಹೆಂಡತಿ ಹೇಳಿದ್ದೇ ಆಯಿತು. ಗಿರಣಿಯ ದೊಡ್ಡ ಮೋಟಾರಿಗೆ ತಂತಿ ಬಿಗಿಯುತ್ತಿದ್ದೆ. ಬೆಣ್ಣೆಗೆ ದಾರ ಹಾಕಿ ಎಳೆದಂತೆ ಹೆಬ್ಬೆರಳು ಸೀಳಿಹೋಯಿತು. ರಕ್ತ ಕಾಯಿಲ್‌ಗೆಲ್ಲ. ಈ ಬೆರಳು ಎಷ್ಟು ಮೈಲಿ ತಂತಿ ಎಳೆದಿಲ್ಲ! ಒಂದು ಗೀರು ಬಿದ್ದದ್ದಿಲ್ಲ. ದವಾಖಾನೆಯಲ್ಲಿ ಹೊಲಿಗೆ ಹಾಕಿ ಬದನೆಕಾಯಿ ಗಾತ್ರದ ಬ್ಯಾಂಡೇಜು ಕಟ್ಟಿದರು. ಬ್ಯಾಂಡೇಜನ್ನು ಗಾಜು ಕಣ್ಣೆತ್ತಿಯೂ ನೋಡುವುದಿಲ್ಲ. ಎಡಗೈ ಇನ್ನೂ ಮರದ ಕಡ್ಡಿ. ಇದನ್ನು ಬರೆಯಲೇ ಪೆನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದೇನೆ.

ಅಕ್ಕನ ಮಗಳು ಫೋನ್ ಮಾಡಿದ್ದಳು. ಬೆರಳು ಸೀಳಿದ್ದು ಹೇಳಿಕೊಂಡೆ. "ಮಾವ, ಇಪ್ಪತ್ತೇಳನೇ ತಾರೀಕಿಗೆ ಆಸ್ಪತ್ರೆಯಲ್ಲಿ ಜಾಗ ಹಿಡಿದಿಟ್ಟಿದ್ದಾರೆ. ಅದು ತಪ್ಪಿದ್ರೆ ಇನ್ನು ಆಪರೇಶನ್ ಮಾಡಿ ಪ್ರಯೋಜನ ಇಲ್ಲ ಅಂದ್ರು. ನೀವೇ ಏನಾದ್ರೂ ಬರೀರಿ. ನನ್ನ ಮಾತು ಕೇಳಲ್ಲ."

ನನ್ನ ಮಾತು ಕೇಳುತ್ತಾಳಂತೆ! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ.

ಜೂನ್ ೧೪, ಶುಕ್ರವಾರ

ಇವತ್ತು ಕಂಡದ್ದನ್ನು ಹೇಗೆ ಬರೆಯಲಿ?

ರೇಡಿಯೋ ನನ್ನ ಬ್ಯಾಂಡೇಜು ನೋಡಿ, ಗಾಜಿನ ಮೂಲೆಯಲ್ಲಿದ್ದ ಸಣ್ಣ ಮೈಕಿನ ಚಿತ್ರ ಮುಟ್ಟಿ ಫೋನನ್ನು ನನ್ನ ಬಾಯಿಯ ಮುಂದೆ ಹಿಡಿದ.

"ಮಾತಾಡಿ ಯಜಮಾನ್ರೇ. ಬರ್ಕೊಳ್ಳುತ್ತೆ."

"ಯಾರು ಬರ್ಕೊಳ್ಳೋದು?"

"ಅದೇ."

"ಮುಚ್ಚೋ ಬಾಯಿ."

ಗಾಜಿನ ಮೇಲೆ ಅಕ್ಷರಗಳು ಬಂದು ಕೂತವು: ಮಾತಾಡಿ ಯಜಮಾನ್ರೇ ಬರ್ಕೊಳ್ಳುತ್ತೆ ಯಾರು ಬರ್ಕೊಳ್ಳೋದು ಅದೇ ಮುಚ್ಚೋ ಬಾಯಿ.

ಮೈ ಜುಮ್ಮೆಂದಿತು. ಹಾರುತ್ತಿದ್ದ ಗುಬ್ಬಿಗಳು ಒಂದೊಂದಾಗಿ ಇಳಿದು ತಂತಿಯ ಮೇಲೆ ಸಾಲಾಗಿ ಕೂತ ಹಾಗೆ. ಒತ್ತು, ದೀರ್ಘ, ಎಲ್ಲ ಸರಿಯಾಗಿ! ಆ ಒತ್ತಕ್ಷರಗಳಿಗಾಗಿ ನನ್ನ ಬೆನ್ನಿನ ಮೇಲೆ ಎಷ್ಟು ಬೆತ್ತ ಮುರಿದವು. ಬಾಯಿಂದ ಹೊರಟದ್ದು ಗಾಳಿ. ಗಾಳಿಯನ್ನು ಹಿಡಿದು ಅಕ್ಷರ ಮಾಡುತ್ತದೆ. ಇಷ್ಟು ದಿನ ನಾನು ಸುತ್ತಿದ ಮೋಟಾರುಗಳೆಲ್ಲ ಕರೆಂಟನ್ನು ತಿರುಗಾಟ ಮಾಡುತ್ತಿದ್ದವು, ಅದೇ ಸೋಜಿಗ ಎಂದುಕೊಂಡಿದ್ದೆ.

ಸಂಜೆಯವರೆಗೂ ಕಂಡದ್ದನ್ನೆಲ್ಲ ಹೇಳಿ ಬರೆಸಿದೆ. ಸುತ್ತಿಗೆ. ಇಕ್ಕಳ. ನಾಯಿ. ಮಳೆ ಬರಬಹುದು. ರೇಡಿಯೋ ನಕ್ಕ. ನಾನೂ ನಕ್ಕೆನಂತೆ. ಅವನು ಹೇಳಿದ್ದು, ನನಗೆ ನೆನಪಿಲ್ಲ.

ಜೂನ್ ೧೭, ಸೋಮವಾರ

ಇವತ್ತು ಅಕ್ಕನಿಗೆ ಖಡಕ್ಕಾಗಿ ಒಂದು ಮೇಲ್ ಹಾಕಿದೆ. ಬಾಯಲ್ಲೇ. ಇದು ಕೊನೆಯ ಸಲ, ಇಪ್ಪತ್ತೇಳಕ್ಕೆ ಹೋಗಿ ಮಲಗು, ಇಲ್ಲದಿದ್ದರೆ ನನಗೂ ನಿನಗೂ ಸಂಬಂಧವಿಲ್ಲ ಎಂದೆ. ನಡುವೆ ಹೆಂಡತಿ ಟೀ ತಂದಳು. ಅವಳ ಹತ್ತಿರ ನಾಲ್ಕು ಮಾತಾಡಿ, ಕಳಿಸುವ ಬಾಣದ ಗುರುತನ್ನು ನಾಲಿಗೆಯಲ್ಲಿ ಒದ್ದೆ ಮಾಡಿದ ಕಿರುಬೆರಳಿಂದ ಮುಟ್ಟಿದೆ. ಹೋಯಿತು. ಈ ಅಕ್ಕನಂಥವರಿಗೆ ಹೀಗೇ ಹೇಳಬೇಕು.

ಜೂನ್ ೧೮, ಮಂಗಳವಾರ

ಹಾಳಾಗಿ ಹೋಯಿತು. ಮಾನ ಹೋಯಿತು.

ಗಿರಣಿಗೆ ಕಳಿಸಿದ ಮೇಲ್ ಹುಡುಕಲು ರೇಡಿಯೋನ ಕೈಗೆ ಫೋನು ಕೊಟ್ಟಿದ್ದೆ. ಅವನು ಓದುತ್ತ ಓದುತ್ತ ಸುಮ್ಮನಾದ. ರೇಡಿಯೋ ಸುಮ್ಮನಾದರೆ ಎಲ್ಲೋ ಏನೋ ಸುಟ್ಟಿದೆ ಎಂದೇ ಅರ್ಥ.

"ಯಜಮಾನ್ರೇ, ಅಕ್ಕನಿಗೆ ಇದನ್ನ ಬೇಕಂತಲೇ ಕಳಿಸಿದ್ರಾ?"

ಕಿತ್ತುಕೊಂಡು ಓದಿದೆ. ಮೈಕು ಆರಿಸಿರಲಿಲ್ಲ. ಅದು ಕೇಳುತ್ತಲೇ ಇತ್ತು. ಎಂದಿನಂತೆ ನಾನು ಓದಿ ನೋಡದೆ ಕಳಿಸಿದ್ದೆ. ಚುಕ್ಕೆಯಿಲ್ಲ, ಗೆರೆಯಿಲ್ಲ, ಯಾರ ಮಾತು ಯಾರದ್ದೆಂದಿಲ್ಲ. ಹೋದದ್ದು ಇದು:

"ಅಕ್ಕ ಇದು ಕೊನೇ ಸಲ ಹೇಳ್ತಿದ್ದೀನಿ ಇಪ್ಪತ್ತೇಳನೇ ತಾರೀಕು ಹೋಗಿ ಮಲಗು ಇಲ್ಲಾಂದ್ರೆ ನನಗೂ ನಿನಗೂ ಸಂಬಂಧ ಇಲ್ಲ ಟೀ ತಂದಿದ್ದೀನಿ ಕುಡೀರಿ ಆರಿಹೋಗುತ್ತೆ ಅಲ್ಲಿಡು ಕಾಯಿಲ್ ಮೇಲೆ ಚೆಲ್ಲಬೇಡ ಅಲ್ಲಾರೀ ಹುಷಾರಿಲ್ಲದ ಅಕ್ಕನಿಗೆ ಹೀಗಾ ಬರೆಯೋದು ಮತ್ತಿನ್ನು ಹೇಗೆ ಬರೀಲಿ ಹೆದರಿಕೆ ಆಗಿದೆ ಅಂತ ಬರೀಲಾ ಆಗಿದ್ರೆ ಹಾಗೇ ಬರೀರಿ ಆಗಿದೆ ಕಣೇ ತುತ್ತು ಇಳೀತಿಲ್ಲ ಅವಳು ಕೂಗದಿದ್ರೆ ಕತ್ತೆ ಬಾಲ ಮೂಲೇಲಿ ಕೂತು ನನ್ನ ನೋಡಿ ಕಣ್ಣು ಕೆಕ್ಕರಿಸಲಿ ನನಗೆ ಅಷ್ಟು ಸಾಕು ಅಪ್ಪ ಇಲ್ಲ ಅಮ್ಮ ಇಲ್ಲ ನನ್ನ ಲೋ ಅಂತ ಕರೆಯೋರು ಈ ಭೂಮಿ ಮೇಲೆ ಅವಳೊಬ್ಬಳೇ ಉಳಿದಿರೋದು ಅವಳೂ ಹೋದ್ರೆ ನಾನು ಊರಿಗೆಲ್ಲ ಯಜಮಾನ ತಾತ ಅಷ್ಟೇ ಅತ್ಲಾಗೆ ಮೂಗು ಒರೆಸ್ಕೊಳ್ಳಿ ಒರೆಸ್ಕೊಂಡೆ ರೇಡಿಯೋ ಬಂದ ಏನೋ ನೋಡ್ತೀಯ ಹೋಗಿ ವಾರ್ನಿಷ್ ಒಣಗಿದ್ಯಾ ನೋಡು"

"ವಾಪಸ್ ತಗೋ! ಇದನ್ನ ವಾಪಸ್ ತಗೋ!" ಎಂದು ಅರಚಿದೆ.

"ಹೋಗಿದ್ದು ಹೋಯ್ತು ಯಜಮಾನ್ರೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಿದ್ದಳು ಅಮ್ಮ. ನನ್ನ ಮಾತು ಗಾಳಿಗೆ ಹೋಗದೆ ಅಕ್ಷರವಾಗಿ ಅವಳ ಕೈಯಲ್ಲೇ ಕೂತಿದೆ. ಬೇಕೆಂದಾಗ ಓದಬಹುದು.

"ಅದು ತಪ್ಪಿ ಬಂದದ್ದು, ಗಣನೆಗೆ ತಗೋಬೇಡ" ಎಂದು ಇನ್ನೊಂದು ಕಳಿಸೋಣವೆಂದು ಮೈಕು ಮುಟ್ಟಿದೆ. ಬಾಯಿ ತೆರೆದೆ. ಗಾಜು ಸ್ವಲ್ಪ ಹೊತ್ತು ಕಾದು ತಾನೇ ಆರಿತು.

ಜೂನ್ ೨೦, ಗುರುವಾರ

ಅಕ್ಕನಿಂದ ಏನೂ ಇಲ್ಲ. ಓದಿದಳೋ ಇಲ್ಲವೋ. ಮೇಲ್ ಮರ್ಯಾದಸ್ಥನಂತೆ. ಮಣ್ಣಂಗಟ್ಟಿ ಮರ್ಯಾದೆ.

ಅವಳ ಮಗಳು ಫೋನ್ ಮಾಡಿದಳು. "ಮಾವ, ಅಮ್ಮನಿಗೆ ಏನು ಬರೆದ್ರಿ?"

"ಯಾಕೆ?"

"ಫೋನ್ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ದಾಳೆ. ಓದ್ತಾಳೆ, ಮಡಿಲಲ್ಲಿ ಇಟ್ಕೋತಾಳೆ, ಮತ್ತೆ ತೆಗೀತಾಳೆ. ನನಗೆ ತೋರಿಸ್ತಿಲ್ಲ. ಬೈದಿರಾ?"

"ಇಲ್ಲ" ಎಂದೆ. ನಿಜವೇ ತಾನೇ.

ಜೂನ್ ೨೨, ಶನಿವಾರ

ಇಲ್ಲ.

ರೇಡಿಯೋನ ಮಗಳು ನರ್ಸಿಂಗ್ ಓದುತ್ತಿದ್ದಾಳಂತೆ. ಕೇಳಿದೆ, ಹೇಳಿದ. ಇಷ್ಟು ವರ್ಷ ಇವನು ಬಾಯಿ ಮುಚ್ಚದೆ ಮಾತಾಡಿದ್ದಾನೆ, ಇದೊಂದನ್ನು ಯಾಕೆ ಹೇಳಿರಲಿಲ್ಲವೋ. "ಹೇಳಿದ್ದೆ ಯಜಮಾನ್ರೇ, ತುಂಬ ಸಲ" ಎಂದ. ಸುಳ್ಳಿರಬೇಕು.

ಜೂನ್ ೨೪, ಸೋಮವಾರ

ಬಂತು!

"ಲೋ, ಟೀ ಕುಡಿದೆಯೋ ಇಲ್ಲ ಆರಿಹೋಯ್ತೋ? ನಿನ್ನ ಹೆಂಡತಿ ದೇವರಂಥೋಳು, ನಿನ್ನನ್ನ ಕಟ್ಟಿಕೊಂಡು ಏಗಿದಳಲ್ಲ. ನಿನ್ನ ಮೇಲ್‌ನ ಎಷ್ಟು ಸಲ ಓದಿದೆ ಅಂತ ಕೇಳಬೇಡ, ಹೇಳಲ್ಲ. ಮಾರ್ಕೆಟ್‌ನಲ್ಲಿ ಕೂಗೋಕೆ ನಾನಿಲ್ಲದಿದ್ರೆ ಇನ್ನೊಬ್ಬಳು ಸಿಕ್ತಾಳೆ. ಆಗಲೇ ಒಬ್ಬಳು ಗಂಟಲು ಸರಿ ಮಾಡ್ಕೊಂಡು ಕಾಯ್ತಿದ್ದಾಳೆ, ಕಾಗೆ ದನಿ, ಹಾಳಾಗಿ ಹೋಗಲಿ. ಆದರೆ ನಿನ್ನನ್ನ ಲೋ ಅನ್ನೋಕೆ ಎಲ್ಲಿಂದ ತರೋದು? ಹೋಗಿ ಮಲಗ್ತೀನಿ. ಬಾಯಲ್ಲಿ ಅನ್ನೋಕಾಗದಿದ್ರೆ ಬರೆದು ಅಂತೀನಿ. ನೀನು ಮಾತ್ರ ಬರಬೇಡ. ಬಂದ್ರೆ ಡಾಕ್ಟರಿಗೆ ಬೈತೀಯ, ಅವನು ಸಿಟ್ಟಲ್ಲಿ ಎಲ್ಲೆಲ್ಲೋ ಕೊಯ್ತಾನೆ. ಎಲ್ಲ ಮುಗಿದ ಮೇಲೆ ಬಾ."

ಹೆಂಡತಿಗೆ ಓದಿ ಹೇಳಲು ಹೋದೆ. ಎರಡನೇ ಸಾಲಿನಲ್ಲೇ ಅಕ್ಷರಗಳೆಲ್ಲ ನೀರಾದವು. ಅವಳೇ ತೆಗೆದುಕೊಂಡು ಓದಿದಳು.

ಪೆಟ್ಟಿಗೆ ಮೇಲೆ ನಿಂತು ಲಾರಿ ನಿಲ್ಲಿಸುತ್ತಿದ್ದವಳು. ಅಷ್ಟು ದೊಡ್ಡದನ್ನು ಎಷ್ಟು ಸಣ್ಣದಕ್ಕೆ ಕೊಟ್ಟುಬಿಟ್ಟಳು! ನನಗೆ ಇದು ಅರ್ಥವಾಗುವುದಿಲ್ಲ.

ಜೂನ್ ೨೬, ಬುಧವಾರ

ಅಕ್ಕ ಫೋನ್ ಮಾಡಿದ್ದಳು.

ಮೇಲ್ ಅಲ್ಲ, ಫೋನ್. ಎತ್ತಿದೆ. ಮೊದಲು ಬರೀ ಉಸಿರು. ಆಮೇಲೆ ಆ ದನಿ. ಬೇರಿಂಗ್ ಹೋದ ಮೋಟಾರಿನ ಹಾಗೆ ಕರಕರ. ಆದರೂ ಅವಳೇ. ನಾಳೆ ಇದೂ ಇರುವುದಿಲ್ಲ. ಉಳಿದ ದನಿಯಲ್ಲಿ ದೊಡ್ಡದೇನೋ ಹೇಳುತ್ತಾಳೆಂದು ಕಿವಿಗೆ ಒತ್ತಿಕೊಂಡು ನಿಂತೆ.

"ಹೊಲಿಗೆ ಬಿಚ್ಚಿದ್ರಾ?" ಎಂದಳು.

"ಹ್ಞೂಂ."

"ಬೆರಳಿಗೆ ಎಣ್ಣೆ ಹಚ್ಚು. ನೀರು ಸೋಕಿಸಬೇಡ."

"ಹ್ಞೂಂ."

"ಹ್ಞೂಂ ಅನ್ನೋದು ಬಿಟ್ಟು ಬೇರೆ ಬರಲ್ವಾ ನಿನಗೆ?"

"ಬರುತ್ತೆ" ಎಂದೆ. ಆದರೆ ಬರಲಿಲ್ಲ. ಅವಳು ಫೋನ್ ಇಟ್ಟಳು.

ಇದೇ ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು. ಎಣ್ಣೆ ಹಚ್ಚಿಕೊಂಡೆ. ಎರಡು ಸಲ.

ಜೂನ್ ೨೭, ಗುರುವಾರ

ಬೆಳಗಿನಿಂದ ಒಂದೇ ಕಾಯಿಲ್. ಅದೂ ತಪ್ಪಿ ಬಿಚ್ಚಿದೆ.

ಸಂಜೆ ಅವಳ ಮಗಳು: "ಮಾವ, ಆಯ್ತು. ಗಡ್ಡೆ ಪೂರ್ತಿ ಬಂತಂತೆ. ಬದುಕಿಕೊಂಡಳು."

ರೇಡಿಯೋ ವರ್ಕ್‌ಶಾಪಿನ ಮೋಟಾರುಗಳನ್ನೆಲ್ಲ ಒಟ್ಟಿಗೇ ಚಾಲೂ ಮಾಡಿದ. ಬೈಯಲಿಲ್ಲ.

ಜೂನ್ ೨೯, ಶನಿವಾರ

ಅಕ್ಕನ ಮೇಲ್. "ಇದ್ದೀನಿ ಕಣೋ." ಇಷ್ಟೇ.

ಜುಲೈ ೬, ಶನಿವಾರ

ರೈಲು ಇಳಿದು ನಾನೂ ಹೆಂಡತಿಯೂ ನೇರ ಆಸ್ಪತ್ರೆಗೆ ಹೋದೆವು. ಉದ್ದನೆಯ ವಾರ್ಡು, ಕಿಟಕಿಯ ಪಕ್ಕದ ಮಂಚ. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಇಷ್ಟೇ ಇಷ್ಟು ಆಗಿದ್ದಾಳೆ. ಕತ್ತಿನ ಕೆಳಗೆ ಒಂದು ತೂತು. ಅದರಲ್ಲೇ ಉಸಿರು ಹೋಗುತ್ತದೆ, ಬರುತ್ತದೆ. ಮೂಗಿಗೂ ಬಾಯಿಗೂ ಅದರ ಗೊಡವೆಯಿಲ್ಲ. ಮನುಷ್ಯನನ್ನು ಬಿಚ್ಚಿ, ಉಸಿರಿನ ದಾರಿಯನ್ನೇ ಬೇರೆ ಮಾಡಿ, ಮತ್ತೆ ಕಟ್ಟಿ ಕೂರಿಸಿದ್ದಾರೆ. ನಾನು ರಿಪೇರಿ ಎಂದುಕೊಂಡು ಇಷ್ಟು ದಿನ ಮಾಡಿದ್ದೇನು? ಆ ಡಾಕ್ಟರು ಎದುರಿಗೆ ಸಿಕ್ಕಿದ್ದರೆ ಕಾಲು ಹಿಡಿಯುತ್ತಿದ್ದೆ.

ಅವಳು ನನ್ನನ್ನು ನೋಡಿದಳು. ನಾನು ಸ್ಟೂಲ್ ಎಳೆದು ಕೂತೆ. ಜೇಬಿನಿಂದ ಫೋನು ತೆಗೆದು, ಒಂದೊಂದೇ ಅಕ್ಷರ ಮುಟ್ಟಿ ಬರೆದೆ: "ಹೇಗಿದ್ದೀಯ ಅಕ್ಕ?" ಬಾಣ ಮುಟ್ಟಿದೆ. ಅವಳ ಮಡಿಲಿನ ಫೋನು ಟಿಂಗ್ ಎಂದಿತು.

ಅವಳು ಓದಿ ನನ್ನ ಮುಖ ನೋಡಿದಳು. ಬರೆದಳು. ನನ್ನದು ಟಿಂಗ್ ಎಂದಿತು. "ಇದ್ದೀನಿ. ನೀನು?"

"ಚೆನ್ನಾಗಿದ್ದೀನಿ. ನೋವಿದೆಯಾ?" ಟಿಂಗ್.

"ಇದೆ." ಟಿಂಗ್.

ಹೀಗೆ ಸಾಕಷ್ಟು ಹೊತ್ತು ನಡೆಯಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಾನು ಮುಂದಿನದನ್ನು ಬರೆಯುತ್ತಿದ್ದಾಗ ಅಕ್ಕ ಮಂಚದ ಕಂಬಿಯನ್ನು ಧಡ್ ಎಂದು ಗುದ್ದಿದಳು. ತಲೆ ಎತ್ತಿದೆ. ಫೋನನ್ನು ನನ್ನ ಮೂಗಿಗೆ ತಾಗುವಂತೆ ಹಿಡಿದಿದ್ದಳು.

"ಮಂಕೇ, ದನಿ ಹೋಗಿರೋದು ನನ್ನದು. ನಿನಗೇನಾಗಿದೆ? ಬಾಯಿ ಬಿಟ್ಟು ಮಾತಾಡು. ನನ್ನ ಕಿವಿ ಯಾರೂ ಕೊಯ್ದಿಲ್ಲ."

ಫೋನು ಜೇಬಿಗಿಟ್ಟೆ. ಗಂಟಲು ಸರಿಮಾಡಿಕೊಂಡೆ. ಇಡೀ ವಾರ್ಡು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಬಾಯಿಗೆ ಮೊದಲು ಬಂದದ್ದನ್ನು ಹೇಳಿದೆ. "ಈ ಆಸ್ಪತ್ರೆ ಲಿಫ್ಟಿನ ಮೋಟಾರು ಕಟ್ಟಿದವನಿಗೆ ಒದೀಬೇಕು ಅಕ್ಕ. ಎರಡನೇ ಮಹಡಿ ಹತ್ತಿರ ಬರ್ತಿದ್ದ ಹಾಗೆ ಹೆರಿಗೆ ನೋವು ಬಂದೋರ ಥರ ಮುಲುಕುತ್ತೆ. ನನ್ನ ಜೊತೆ ಒಬ್ಬ ದಢೂತಿ ಇದ್ದ, ಅವನು ಹೆದರಿ ನನ್ನ ಕೈ ಹಿಡ್ಕೊಂಡ. ಬಿಡೋ ಅಂದ್ರೆ ಬಿಡಲೊಲ್ಲ. ಅವನ ಹೆಂಡತಿ ಹೊರಗೆ ನಿಂತು ಕಾಯ್ತಿದ್ಲು, ಬಾಗಿಲು ತೆಗೀತು, ನಾವಿಬ್ಬರೂ ಕೈ ಕೈ ಹಿಡ್ಕೊಂಡು ಹೊರಗೆ ಬಂದ್ವಿ..."

ಅಕ್ಕನ ಭುಜ ಕುಲುಕಿತು. ಹೊಟ್ಟೆ ಕುಲುಕಿತು. ಬಾಯಿ ಅಗಲವಾಗಿ ತೆರೆಯಿತು, ಕಣ್ಣಿನಿಂದ ನೀರು ಸುರಿಯಿತು, ಕತ್ತಿನ ತೂತಿನಿಂದ ಗಾಳಿ ಸುಯ್ ಸುಯ್ ಎಂದು ನುಗ್ಗಿತು. ದನಿ ಎಂಬುದು ಒಂದು ಕೂದಲೆಳೆಯಷ್ಟೂ ಇಲ್ಲ. ಮಂಚದ ಕಬ್ಬಿಣದ ಕಾಲುಗಳು ಮಾತ್ರ ನೆಲಕ್ಕೆ ಕಟಕಟ ಕಟಕಟ ಬಡಿದವು. ಮೇಜಿನ ಮೇಲಿನ ಲೋಟ ನಡೆದುಕೊಂಡು ಹೋಗಿ ಕೆಳಗೆ ಬಿತ್ತು. ನಾನು ನಿಲ್ಲಿಸಲಿಲ್ಲ. ಆಮೇಲೆ ಏನೇನು ಹೇಳಿದೆನೋ. ನಿಲ್ಲಿಸಿದಾಗಲೆಲ್ಲ ಅವಳು ಕಂಬಿ ಗುದ್ದುತ್ತಿದ್ದಳು.

ಆ ಕಡೆಯಿಂದ ನರ್ಸಮ್ಮ ಓಡಿ ಬಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಅಕ್ಕನಿಗೇ ಗದರಿದಳು.

"ಅಮ್ಮಾ, ಮೆಲ್ಲಗೆ! ನಿಮ್ಮ ಗಲಾಟೆಗೆ ವಾರ್ಡಲ್ಲಿ ಯಾರೂ ಮಲಗೋ ಹಾಗಿಲ್ಲ!"